ಒಂದು ಗುಂಡಿ ಹೆಚ್ಚು

ಗ್ಯುಮ್ರಿಯಲ್ಲಿ, ಸಂತೆಯ ಹಿಂದಿನ ಕರಿಕಲ್ಲಿನ ಓಣಿಯಲ್ಲಿ
ನಮ್ಮದು ಬರೀ ಗುಂಡಿಗಳ ಅಂಗಡಿ.
ಮುನ್ನೂರ ಹನ್ನೆರಡು ಖಾನೆ. ಪ್ರತಿಯೊಂದರ ಮುಖಕ್ಕೂ
ಒಳಗಿರುವ ಜಾತಿಯದೇ ಒಂದು ಗುಂಡಿ, ದಾರದಲ್ಲಿ ಕಟ್ಟಿದ್ದು.
ಅದೇ ಹೆಸರು, ಅದೇ ಹಿಡಿ.
ಅತ್ತಿಗೆ ಹೈಕಾನುಷ್ ಕಣ್ಣೆತ್ತದೆ ತಡವುತ್ತಾಳೆ:
ಕೊಂಬು, ಮುತ್ತಿನ ಚಿಪ್ಪು, ಹಿತ್ತಾಳೆ,
ಸೋವಿಯತ್ ಕಾಲದ ಕಂದು ಪ್ಲಾಸ್ಟಿಕ್ಕು.
ಮಾತು ಅವಳದು. ಲೆಕ್ಕ ನನ್ನದು.

ಫೆಬ್ರವರಿಯಲ್ಲಿ ಮುಷೆಘ್ ಬಂದ,
ಲ್ಯಾಪ್‌ಟಾಪಿನ ಚೀಲದ ಮೇಲಿನ ಹಿಮ ಕೊಡವುತ್ತ.
ಎಲ್ಲ ಮುನ್ನೂರ ಹನ್ನೆರಡನ್ನೂ ಆನ್‌ಲೈನಿಗೆ ಏರಿಸೋಣ,
ಮೂರೂವರೆ ಲಕ್ಷ ದ್ರಾಮ್, ಲೋಕವೇ ಅಂಗಡಿಗೆ ಬರುತ್ತೆ, ಎಂದ.
ಬರಲಿ, ಅಂದಳು ಅತ್ತಿಗೆ,
ಒಂದೇ ದಿನ ಬಂದರೆ ಕೂರಿಸುವುದೆಲ್ಲಿ?
ನಲವತ್ತು ಬಗೆ ಆರಿಸಿದೆವು.
ಕೂಲಿ ಒಂದು ಲಕ್ಷದ ಅರವತ್ತು ಸಾವಿರಕ್ಕೆ ಇಳಿಯಿತು,
ಅರ್ಧ ಈಗ, ಅರ್ಧ ಹತ್ತನೇ ಪೊಟ್ಟಣ ಮುಟ್ಟಿದ ಮೇಲೆ.

ಕೈಯಲ್ಲಿದ್ದದ್ದು ಆರು ಲಕ್ಷದ ನಲವತ್ತು ಸಾವಿರ.
ಗುಂಡಿ ಹೊಲಿದ ರಟ್ಟಿನ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಬರೆದೆ:
ಮೂರು ತಿಂಗಳ ಬಾಡಿಗೆ ಒಂದೂವರೆ ಲಕ್ಷ,
ಇದನ್ನು ಮುಟ್ಟಿದ ಕೈಗೆ ಸೂಜಿ.
ಅಂಚೆಗೆ ತೊಂಬತ್ತು. ಜಾಹೀರಾತಿಗೆ ಎಪ್ಪತ್ತೈದು,
ಅದೂ ತಿಂಗಳಿಗೆ ಇಪ್ಪತ್ತೈದರಂತೆ,
ಮೊದಲ ತಿಂಗಳು ಮಂಕಾದರೆ ಎರಡನೆಯದು ಇಲ್ಲ.
ತಕ್ಕಡಿ, ಲಕೋಟೆಗೆ ಮೂವತ್ತೈದು.
ಫೋಟೋಗೆ ಇಪ್ಪತ್ತೆರಡು: ದೀಪ ಕೊಂಡದ್ದು, ಬಿಳಿ ಹಾಸು ಮನೆಯದು.
ವಾಪಸು ಬರುವುದಕ್ಕೆ ನಲವತ್ತು.

ಕಳಿಸುವ ಮೊದಲೇ ವಾಪಸಿನ ಲೆಕ್ಕವೇ, ನಕ್ಕ ಮುಷೆಘ್,
ಕೂಸು ಹುಟ್ಟುವ ಮುಂಚೆ ಕುಲಾವಿ!
ಕುಲಾವಿ ಹೊಲಿಯುವವರೇ ನಮ್ಮ ಗಿರಾಕಿಗಳು, ಮಗೂ,
ಅವರನ್ನು ಆಡಿಕೊಳ್ಳಬೇಡ.

ಉಳಿದ ಅರವತ್ತೆಂಟು ಸಾವಿರದ ಮುಂದೆ
ನಾನು ಏನೂ ಬರೆದಿರಲಿಲ್ಲ.
ಹೆಸರಿಲ್ಲದ ಸಾಲು ಯಾಕೆ, ಜಾಹೀರಾತಿಗೆ ಸುರಿಯಿರಿ, ಎಂದ.
ಅತ್ತಿಗೆ ಗೂಟದಿಂದ ಅವನದೇ ಕೋಟು ತೆಗೆದು
ಒಳಮಗ್ಗುಲು ತಿರುಗಿಸಿ ತೋರಿಸಿದಳು:
ತೊಳೆಯುವ ಚೀಟಿಯ ಪಕ್ಕ, ಯಾವ ಕಾಜಕ್ಕೂ ಸೇರದ ಒಂದು ಗುಂಡಿ.
ಇದು ಯಾವುದಕ್ಕೆ?
ಬಿದ್ದರೆ ಇರಲಿ ಅಂತ.
ಯಾವುದು ಬಿದ್ದರೆ?
ಅವನು ಕೋಟು ಇಸಕೊಂಡ.

ಎಂಬತ್ತೆಂಟರ ಡಿಸೆಂಬರಿನಲ್ಲಿ ನೆಲ ಅಲುಗಿದಾಗ
ಈ ಖಾನೆಗಳೆಲ್ಲ ಒಟ್ಟಿಗೆ ಬಾಯಿಬಿಟ್ಟವು.
ಆ ಚಳಿಗಾಲವಿಡೀ ತಗಡಿನ ಗೂಡಿನಲ್ಲಿ ಕೂತು
ಗಾರೆಯ ಪುಡಿಯಿಂದ ಗುಂಡಿ ಹೆಕ್ಕಿದ ಹೊಸ ಸೊಸೆ ಅವಳು.
ಆ ವಿಷಯ ಅವಳು ಎತ್ತುವುದಿಲ್ಲ.
ಕೆದಕಿದರೆ ಇಷ್ಟೇ:
ಗುಂಡಿ ಮಾರುವವರು ಗುಂಡಿ ನೋಡಿಕೊಂಡು ನಡೆಯಬೇಕು.

ಏಪ್ರಿಲ್ ಮೂರಕ್ಕೆ ತೆರೆಯ ಮೇಲೆ
‘ಕೊಳ್ಳಿ’ ಎನ್ನುವ ಗುಂಡಿ ಹತ್ತಿತು.
ಹನ್ನೊಂದು ದಿನ ಯಾರೂ ಒತ್ತಲಿಲ್ಲ.
ನಾನು ಒಮ್ಮೆ ಒತ್ತಿ ನೋಡಿ, ಹೆದರಿ, ಹಿಂದೆ ಬಂದೆ.
ಹನ್ನೆರಡನೆಯ ದಿನ ಲಿಯೋನ್‌ನಿಂದ ಯಾರೋ ಒಬ್ಬಳು:
ದಾಳಿಂಬೆ ಕೆತ್ತಿದ ಹಿತ್ತಾಳೆ, ಆರು.
ಖಾನೆ ಇನ್ನೂರೇಳು. ಎಣಿಸಿದರೆ ಐದು.
ಬೆಳಿಗ್ಗೆಯಷ್ಟೇ ದರ್ಜಿ ವರಾಜ್ ಒಂದನ್ನು ಒಯ್ದಿದ್ದ,
ಚಿಲ್ಲರೆ ಕೊಟ್ಟು, ಹವಾಮಾನ ಬೈದು.
ಅದು ಖಾನೆಗೆ ಗೊತ್ತು, ತೆರೆಗೆ ಗೊತ್ತಿಲ್ಲ.

ದುಡ್ಡು ಮರಳಿಸೋಣ, ಎಂದೆ.
ಮೊದಲ ಬೋಣಿಯನ್ನೇ?
ಅತ್ತಿಗೆ ಕತ್ತರಿ ತಂದು
ಇನ್ನೂರೇಳರ ಮುಖದ ಗುಂಡಿಯನ್ನೇ ಬಿಡಿಸಿದಳು.
ಎಷ್ಟೋ ವರ್ಷದ ಬೆರಳುಗಳ ಹೊಳಪು ಅದಕ್ಕೆ,
ಮಿಕ್ಕ ಐದನ್ನು ಅದರ ಸಮ ಮಾಡಲು
ಕತ್ತಲಾಗುವವರೆಗೂ ಉಣ್ಣೆಯಲ್ಲಿ ಉಜ್ಜುತ್ತ ಕೂತಳು.

ಅಂಚೆಯ ತೂಕದಲ್ಲಿ ನಾನು ಎಡವಿದ್ದೆ.
ಸಾವಿರದ ಎಂಟುನೂರು ಕೈಯಿಂದ ಹೋಯಿತು.
ಹೆಸರಿಲ್ಲದ ಸಾಲಿನಿಂದ ಕಳೆದು
ಪಕ್ಕದಲ್ಲಿ ಹೆಸರು ಬರೆದೆ: ಷೋಗಿಕ್.

ಈಗ ಪ್ರತಿ ಬಗೆಯ ಕೊನೆಯ ಆರು ತೆರೆಗೆ ಕಾಣುವುದಿಲ್ಲ.
ರಾತ್ರಿ ಬಾಗಿಲು ಹಾಕಿದ ಮೇಲೆ ಎಣಿಕೆ.
ಹತ್ತನೇ ಪೊಟ್ಟಣ ಇನ್ನೂ ಹೋಗಿಲ್ಲ,
ಮುಷೆಘ್ ಚಹಾ ಕುಡಿಯುವ ನೆಪದಲ್ಲಿ ಬಂದು ಕೇಳುತ್ತಾನೆ.

ಇನ್ನೂರೇಳರ ಮುಖದಲ್ಲಿ ದಾರದ ಎರಡು ತುದಿ.
ಹಿಡಿದು ಎಳೆದರೆ, ಸ್ವಲ್ಪ ಸತಾಯಿಸಿ,
ಖಾನೆ ಬರುತ್ತದೆ.